ಆ ಲಾಕ್ ಬಾಗಿಲಿನದ್ದಲ್ಲ

ಅಮ್ಮ,

ನಾನು ಬೈಕಂಪಾಡಿಗೆ ಡ್ಯೂಟಿಗೆ ಬಸ್ಸಲ್ಲಿ ಹೋಗ್ತೇನೆ. ಪಣಂಬೂರು ದೊಡ್ಡಮ್ಮನ ಮನೆಗೆ ಇವತ್ತು ನೀನೊಬ್ಬಳೇ ಕಾರು ಓಡಿಸಿಕೊಂಡು ಹೋಗು. ಕೀ ಫ್ರಿಡ್ಜ್ ಮೇಲೆ ಉಂಟು.

ಕಳ್ಳರ ಹೆದರಿಕೆಗೆ ಗೇರ್ ಲಿವರ್ ಹತ್ತಿರದ ಲಾಕ್ ಬಟನ್ ಒತ್ತಬೇಡ ಮಾರಾಯ್ತಿ! ಅದು ಬಾಗಿಲಿನದ್ದಲ್ಲ, ಹಿಂದಿನ ಚಕ್ರಗಳನ್ನು ಎದುರಿನವುಗಳಿಗೆ ಕಟ್ಟಿಹಾಕುವಂಥದ್ದು, ಮತ್ತೆ ನಾಲ್ಕೂ ಒಂದೇ ವೇಗದಲ್ಲಿ ತಿರುಗಬೇಕಾಗ್ತದೆ. ನಿನ್ನೆ ಪಂಪ್‌ವೆಲ್‌ನಲ್ಲಿ ಕಾರು ತಿರುಗಿಸುವಾಗ ಟೈರು ಕಿರುಚಿದ್ದು ನೀನು ಅದನ್ನು ಒತ್ತಿದ್ದಕ್ಕೇ.

ಅದರ ಪಕ್ಕದ ಸ್ವಿಚ್ಚನ್ನು 'ಆಟೋ' ಮೋಡಲ್ಲಿಡು, ಸಾಕು. ಎದುರಿನ ಚಕ್ರಗಳೇ ಎಳೆಯುತ್ತವೆ, ಹಿಂದಿನವು ಸುಮ್ಮನೆ ಜೊತೆಗೆ ಬರ್ತವೆ. ದೊಡ್ಡಮ್ಮನ ಗೇಟಿನ ಹತ್ತಿರ ಹೊಯಿಗೆಯಲ್ಲಿ, ಆ ಸಡಿಲ ಮರಳಲ್ಲಿ, ಎದುರಿನವು ಜಾರಿದರೆ ಮಾತ್ರ ಹಿಂದಿನವು ತಾವಾಗಿಯೇ ದೂಡ್ತವೆ. ನೀನು ಎಂತ ಸಹ ಮಾಡಬೇಕಂತ ಇಲ್ಲ.

ಪಕ್ಕದಲ್ಲಿ ಕೂತು "ಬ್ರೇಕ್, ಬ್ರೇಕ್" ಅಂತ ಬೊಬ್ಬೆ ಹಾಕಲು ಇವತ್ತು ನಾನಿಲ್ಲ. ಫೋನೂ ಮಾಡುವುದಿಲ್ಲ. ಕರೆದರೆ ಓಡಿ ಬರ್ತೇನೆ. ಆ ಹಿಂದಿನ ಚಕ್ರಗಳ ಹಾಗೆ ನಾನೂ 'ಆಟೋ'ದಲ್ಲೇ ಇದ್ದೇನೆ.

ನಿರೀಕ್ಷಾ