ತಿಪ್ಪಮ್ಮನಿಗೊಂದು ಮರ

ಸಿ.ಎಸ್. ಪುರ
೧೧ ಜೂನ್ ೨೦೨೫, ಬುಧವಾರ

ನನ್ನ ಪ್ರೀತಿಯ ಅಮ್ಮನಿಗೆ,

ಕೂತುಕೊಂಡು ಓದು. ನಿಂತು ಓದುವ ಕಾಗದವಲ್ಲ ಇದು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ. ಕುಣಿಗಲಿನಲ್ಲಿ ಪ್ರೇಮಾ, ಮಗು ಇಬ್ಬರೂ ಆರಾಮಾಗಿದ್ದಾರೆ ತಾನೇ? ತಂಗಿಯ ಬಾಣಂತನ ಮುಗಿಸಿ ಭಾನುವಾರ ನೀನು ಬಸ್ಸು ಹತ್ತುವ ಮೊದಲೇ ನಿನ್ನ ಕೈ ಸೇರಲಿ ಎಂದು ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ.

ನಮ್ಮ ಕೇಂದ್ರದಲ್ಲಿ ತೆಂಗಿನ ಮರ ಹತ್ತುವ ತರಬೇತಿ ನಡೆಯುತ್ತಿದೆ ಎಂದು ಹೇಳಿದ್ದೆನಲ್ಲ. ಸರ್ಕಾರದ ಹಣ, ಕಲಿಕೆ ಉಚಿತ, ಪಾಸಾದವರಿಗೆ ಮರ ಹತ್ತುವ ಮೆಷಿನ್ನೂ ಉಚಿತ. ಸರ್ಕಾರದ ಹಣ ಎಂದ ಮೇಲೆ ಜಾತಿ, ಧರ್ಮ, ಲಿಂಗ, ಅಂಗವೈಕಲ್ಯ ಯಾವುದರ ನೆಪದಲ್ಲೂ ಯಾರನ್ನೂ ಹೊರಗಿಡುವಂತಿಲ್ಲ. ಹಾಗೆಂದು ಬಾಗಿಲ ಪಕ್ಕ ಬೋರ್ಡು ಬರೆಸಿದವಳು ನಾನೇ. ಅದನ್ನು ಯಾರಾದರೂ ಓದಿಯಾರು ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಓದಿದವಳು ತಿಪ್ಪಮ್ಮ. ಕೆರೆ ಹಿಂದಿನ ಕಾಲೊನಿಯವಳು, ಮಂಡಿಗೆ ಕಾಯಿ ಸುಲಿಯಲು ಹೋಗುವವಳು, ಮುಖ ಕಂಡರೆ ನಿನಗೆ ಗುರುತು ಸಿಗುತ್ತದೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಅಂಗಾರೆ ಹೆಂಗಸ್ರೂ ಬರ್ಬೋದು ಅಂತ ತಾನೇ?" ಎಂದಳು. ಹೌದೆಂದೆ, ಸೇರಿಕೊಂಡಳು. ಗಂಡ ತೀರಿಕೊಂಡ ಮೇಲೆ ಸುಲಿಯುವ ಕೂಲಿಯಲ್ಲೇ ಮಗಳನ್ನು ತುಮಕೂರಿನ ಕಾಲೇಜಿಗೆ ಕಳಿಸುತ್ತಿದ್ದಾಳೆ. ಹತ್ತುವವರೇ ಸಿಗದ ಈ ಕಾಲದಲ್ಲಿ ಮರ ಹತ್ತಲು ಬಂದರೆ ವರ್ಷವಿಡೀ ಕೆಲಸ.

ಅಂಗಳದ ಕಂಬದ ಮೇಲೆ ಅಭ್ಯಾಸ ನಡೆಯುವ ತನಕ ಯಾರೂ ಚಕಾರ ಎತ್ತಲಿಲ್ಲ. ಪರೀಕ್ಷೆ ಮಾತ್ರ ನಿಜವಾದ ಮರದ ಮೇಲೆ. ಹತ್ತಿ ಒಂದು ಗೊನೆ ಕೊಯ್ದು ಇಳಿಯಬೇಕು. ಪ್ರತಿ ಸಲ ತೋಟ ಬಿಟ್ಟುಕೊಡುವ ಲಕ್ಷ್ಮೀನರಸಿಂಹಯ್ಯನವರು ಈ ಸಲ ಕೈ ಮುಗಿದರು. "ಮಿಕ್ಕೋರು ಎಷ್ಟ್ ಜನ ಆದ್ರೂ ಹತ್ಲಿ ಸುಧಮ್ಮ. ಹೆಂಗಸು ಹತ್ತಿದ್ರೆ ಎಳೆಗಾಯಿ ಹರಳೆಲ್ಲ ಉದುರೋಯ್ತವೆ, ಬ್ಯಾಡ ಕಣವ್ವ" ಎಂದರು. ಪಕ್ಕದ ತೋಟದವರದ್ದೂ ಅದೇ ಮಾತು. ಎಲ್ಲರೂ ಹೆಂಗಸು ಎಂದರೇ ಹೊರತು ಕಾಲೊನಿ ಎಂದು ಯಾರೂ ಬಾಯಿ ಬಿಡಲಿಲ್ಲ. ಅದು ಅರ್ಥವಾಗದಷ್ಟು ದಡ್ಡಿ ನಾನಲ್ಲ. ಕೇಂದ್ರಕ್ಕೆ ಸ್ವಂತ ಮರವೇ ಇಲ್ಲ, ಏನು ಮಾಡಲಿ?

ತರಬೇತಿ ಕೊಡುವ ರಾಮಾಂಜಿನಯ್ಯ ಕೆಟ್ಟವನಲ್ಲ, ಆದರೆ ಅವನಿಗೆ ತಲೆನೋವು ಬೇಡ. "ಹತ್ತುದ್ಲು ಅಂತ ಬರ್ಕಂಡು ಸರ್ಟಿಫಿಕೇಟ್ ಕೊಟ್ಬುಡಣ ಮೇಡಂ. ರೂಲ್ಸಿಗೂ ಸರಿ, ಊರ್ಗೂ ಸರಿ" ಎಂದ. ನಿಜ ಹೇಳುತ್ತೇನೆ, ನನಗೂ ಒಂದು ಗಳಿಗೆ ಅದೇ ಸುಲಭ ಅನ್ನಿಸಿತು. ತುಮಕೂರಿನಿಂದ ಬರುವ ಸಾಹೇಬರು ನೋಡುವುದು ಕಾಗದವನ್ನೇ ತಾನೇ. ತಿಪ್ಪಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಕೋಪ ಮಾಡಲಿಲ್ಲ, ಅಳಲಿಲ್ಲ. "ಹತ್ತಿಲ್ದಿರೋಳ್ನ ಯಾರವ್ವ ಕೆಲ್ಸಕ್ಕೆ ಕರೀತಾರೆ? ನಂಗೆ ಕಾಗ್ದ ಬ್ಯಾಡ, ಒಂದ್ ಮರ ಕೊಡ್ಸಿ" ಎಂದಳು.

ಅಮ್ಮಾ, ಕೊಟ್ಟೆ. ನಮ್ಮ ತೋಟದ್ದೇ. ಪಂಪ್‌ಸೆಟ್ ಮನೆ ಪಕ್ಕದ ಆ ಎತ್ತರದ ಮರ. ಮುಟ್ಟಾದಾಗ ತೋಟದ ಬೇಲಿಯನ್ನೂ ದಾಟದಿದ್ದ ನಿನ್ನನ್ನು ಒಂದು ಮಾತೂ ಕೇಳದೆ ಕೊಟ್ಟೆ. ಬೈಯುವುದಿದ್ದರೆ ಬಂದ ಮೇಲೆ ಬೈ, ಈಗ ಮುಂದೆ ಓದು.

ಮೊನ್ನೆ ಸೋಮವಾರ ಬೆಳಿಗ್ಗೆ ಅರ್ಧ ಊರು ಬೇಲಿಯಾಚೆ ನಿಂತಿತ್ತು. ಲಕ್ಷ್ಮೀನರಸಿಂಹಯ್ಯನವರೂ ಬಂದಿದ್ದರು. ತಿಪ್ಪಮ್ಮ ಮಗಳ ಟ್ರ್ಯಾಕ್ ಪ್ಯಾಂಟಿನ ಮೇಲೆ ಗಂಡನ ಹಳೇ ಶರ್ಟು ತೊಟ್ಟಿದ್ದಳು. ಯಾರೋ ಕಿಸಕ್ಕೆಂದರು. ಅವಳು ಮರ ಮುಟ್ಟಿ ಕಣ್ಣಿಗೊತ್ತಿಕೊಂಡು ಮೆಷಿನ್ನಿಗೆ ಕಾಲು ಕೊಟ್ಟಳು. ಬಲಗಾಲು, ಎಡಗಾಲು, ಕಟಕ್, ಕಟಕ್. ಆಳೆತ್ತರ ದಾಟುವಷ್ಟರಲ್ಲಿ ನಗು ನಿಂತಿತು. ಅರ್ಧ ಮರದಲ್ಲಿದ್ದಾಗ ಜೋರಾಗಿ ಗಾಳಿ ಬೀಸಿತು. ಅವಳು ಮರವನ್ನು ತಬ್ಬಿಕೊಂಡು, ಗಾಳಿ ನಿಲ್ಲುವವರೆಗೂ ಅದರ ಜೊತೆಯಲ್ಲೇ ತೂಗಿ, ಮತ್ತೆ ಹತ್ತಿದಳು. ಅವಳ ತಲೆ ಗರಿಗಳೊಳಗೆ ಮರೆಯಾಯಿತು. ಆಮೇಲೆ ಗೊನೆ ಧೊಪ್ಪೆಂದು ಬಿತ್ತು, ಕಾಲಡಿಯ ನೆಲ ಅದುರಿತು.

ಅವಳು ತಕ್ಷಣ ಇಳಿಯಲಿಲ್ಲ. ಮೇಲೆಯೇ ನಿಂತು ಸುತ್ತಲೂ ನೋಡಿದಳು. ಕೆರೆ, ಕಾಲೊನಿ, ದಿನಾ ಕಾಯಿ ಸುಲಿಯುವ ಮಂಡಿ ಎಲ್ಲ ಒಟ್ಟಿಗೇ ಕಂಡಿರಬೇಕು. ಇಳಿಯೇ ಎಂದು ಯಾರೂ ಕೂಗಲಿಲ್ಲ. ನನ್ನ ಮೈ ಜುಮ್ಮೆಂದು ಕಣ್ಣು ತುಂಬಿಕೊಂಡಿತು. ಇಷ್ಟು ವರ್ಷ ಸರ್ಕಾರಿ ಕೆಲಸ ಮಾಡಿಯೂ, ನಾನು ಬರೆಸಿದ ಮಾತೊಂದು ಅಷ್ಟು ಎತ್ತರಕ್ಕೆ ಹೋಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ ಅಮ್ಮಾ. ದೇವಸ್ಥಾನದಲ್ಲಿ ಮಂಗಳಾರತಿಗೆ ನಿಂತಾಗಲೂ ನನಗೆ ಹಾಗೆ ಆಗಿಲ್ಲ.

ಲಕ್ಷ್ಮೀನರಸಿಂಹಯ್ಯನವರು ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡು, "ಗಟ್ಟಿಗಿತ್ತಿ ಕಣವ್ವ" ಎಂದಷ್ಟೇ ಹೇಳಿ ಹೊರಟರು. ತಿಪ್ಪಮ್ಮ ಪಾಸು. ಮೆಷಿನ್ನೂ ಸಿಕ್ಕಿತು. ಆದರೆ ಇವತ್ತಿನವರೆಗೆ ಅವಳನ್ನು ಒಬ್ಬರೂ ಕೆಲಸಕ್ಕೆ ಕರೆದಿಲ್ಲ. ಎಲ್ಲರೂ ನಿನ್ನ ಹೆಸರು ಹೇಳಿ, ಹನುಮಕ್ಕ ಊರಿಗೆ ಬರಲಿ, ಆಮೇಲೆ ನೋಡೋಣ ಎನ್ನುತ್ತಿದ್ದಾರೆ.

ಬೈಸಿಕೊಳ್ಳಲು ತಯಾರಾಗಿ ಕೂತಿರುವ ನಿನ್ನ ಹಿರಿಮಗಳು,
ಸುಧಾ

ವಿ.ಸೂ.: ಒಂದು ಮಾತು ಬಿಟ್ಟಿದ್ದೇನೆ, ಬೇಕೆಂದೇ ಬಿಟ್ಟೆ. ಸೋಮವಾರ ಬೇಲಿಯಾಚೆಯವರು ಗಲಾಟೆಗೆ ನಿಂತಾಗ, "ನಮ್ಮಮ್ಮನೇ ಫೋನ್ ಮಾಡಿ ಹತ್ಸು ಅಂದ್ರು" ಎಂದುಬಿಟ್ಟೆ. ಅದಕ್ಕೇ ಅವರು ದಾರಿ ಬಿಟ್ಟದ್ದು. ತಿಪ್ಪಮ್ಮನೂ ನಂಬಿದ್ದಾಳೆ. ಭಾನುವಾರ ನೀನು ಬಸ್ಸಿಳಿಯುವಾಗ ಕಾಲಿಗೆ ಬೀಳಬೇಕೆಂದು ಕಾಯುತ್ತಿದ್ದಾಳೆ, ನೋಡಲು ಊರೂ ಬರುತ್ತದೆ. ನೀನೇನೂ ವಿವರಿಸಬೇಡ. ನಮ್ಮ ಮಿಕ್ಕ ಮರಗಳ ಕಾಯಿ ಕೆಡವಲು ನಾಳೆ ಬಾ ಎಂದು, ಎಲ್ಲರಿಗೂ ಕೇಳುವ ಹಾಗೆ ಅವಳಿಗೆ ಹೇಳಿಬಿಡು. ನನ್ನ ಸುಳ್ಳು ನಿಜವಾಗುತ್ತದೆ.