ತಲೆಯೆತ್ತಿ ನೋಡಬೇಕಾದ ಪಟ

ಮಗಳೇ,

ತೀರಿಹೋದ ನಿನ್ನನ್ನು ನೆನೆಯಲು ಇಂದು ಮನೆಯಲ್ಲಿ ನೆರೆದವರಿಗೆ ಎದ್ದುನಿಂತು ವಂದನೆ ಹೇಳಿದೆ. ಅವರ ಅನುಕಂಪವನ್ನು ಮಾತ್ರ ನಿರಾಕರಿಸಿದೆ. ಕಾರಣವನ್ನು ಸಭೆಗೆ ತಿಳಿಸಲಿಲ್ಲ.

ನಿನ್ನ ಸೋದರಮಾವ ನಿನ್ನ ಪಟವನ್ನು ಬಾಗಿಲಿನ ಮೇಲೆ ಎತ್ತರದಲ್ಲಿ ತೂಗುಹಾಕಿದ್ದಾನೆ. ಕುತ್ತಿಗೆಯ ಡಿಸ್ಕ್ ಜಾರಿ ನರವನ್ನು ಒತ್ತುತ್ತಿರುವುದರಿಂದ ತಲೆಯೆತ್ತಲಾಗದ ನನಗೆ ಚೌಕಟ್ಟಿನ ಕೆಳಗಿನ ಅಂಚಷ್ಟೇ ಕಂಡಿತು. ಪಟದಲ್ಲಿ ನೀನು ನಗುತ್ತಿರುವೆಯಂತೆ. ಅವನ ಹೆಂಡತಿ, ನಿನ್ನ ಅತ್ತೆ, ಹೇಳಿದಳು.

"ಭಾವ, ಸ್ವಲ್ಪ ಕೆಳಗಿಳಿಸ್ಲಾ?" ಎಂದ ನಿನ್ನ ಮಾವ.

"ಬೇಡ. ಅಲ್ಲೇ ಇರ್ಲಿ."

ಕಳೆದ ವರ್ಷ ನೀನು ನನ್ನ ಕುತ್ತಿಗೆಯ ಸ್ಕ್ಯಾನ್ ಹಿಡಿದು ಬೇಡಿಕೊಂಡಿದ್ದೆ: "ಅಪ್ಪಾ, ಕುತ್ತಿಗೆ ಪೂರ್ತಿ ಕೊಯ್ಯಲ್ಲ. ಸಣ್ಣ ತೂತಲ್ಲಿ ಕೊಳವೆ ಹಾಕಿ, ನರ ಒತ್ತೋ ಚೂರು ತೆಗೀತಾರೆ ಅಷ್ಟೇ. ಮಾರನೇ ದಿನ ಮನೆಗೆ ಬರ್ತೀರಿ." ನಾನು ಕಾಲೇಜಿನ ಚರ್ಚಾವೇದಿಕೆಯಲ್ಲಿ ನಿಂತವನಂತೆ ನಿನ್ನ ಒಂದೊಂದು ಮಾತನ್ನೂ ಖಂಡಿಸಿದೆ. ಕೊನೆಗೆ ನೀನೇ ಸೋತು ನಕ್ಕೆ.

"ಗೆದ್ರಿ ಬಿಡಿ ಅಪ್ಪಾ. ಟ್ರೋಫಿನೂ ನಿಮ್ಗೇ, ನೋವೂ ನಿಮ್ಗೇ."

ಆ ಗೆಲುವಿನ ಬಳಿಕ ನಿನ್ನ ಮುಖವನ್ನು ತಲೆಯೆತ್ತಿ ನೇರವಾಗಿ ಎಷ್ಟು ಸಲ ನೋಡಿದೆನೆಂದು ಈಗ ಲೆಕ್ಕ ಹಾಕಿದರೆ ನೆನಪೇ ಕೈಕೊಡುತ್ತದೆ. ಅನುಕಂಪ ಬೇಡವೆಂದದ್ದು ಅದಕ್ಕೇ.

ಬಂದವರೆಲ್ಲ ಹೊರಟ ಮೇಲೆ ಆಸ್ಪತ್ರೆಗೆ ಫೋನ್ ಮಾಡಿದೆ. ಯಾರ ಅಭಿಪ್ರಾಯವನ್ನೂ ಕೇಳಿಲ್ಲ. ಇದು ನನ್ನೊಬ್ಬನ ನಿರ್ಧಾರ. ನೀನು ಹೇಳಿದ ಆ ಚಿಕಿತ್ಸೆಯನ್ನು ಗುರುವಾರ ಮಾಡಿಸಿಕೊಳ್ಳುತ್ತೇನೆ.