ಕೊಟ್ಟಿಗೆಯ ಬಾಗಿಲು

ಅಣ್ಣಾ,

ಮೊದಲು ಆ ಕೊಡಲಿಯನ್ನು ಕೆಳಗಿಡು! ಕೊಟ್ಟಿಗೆಯ ಹಳೇ ಬಾಗಿಲನ್ನು ಸೌದೆ ಮಾಡುತ್ತೇನೆಂದು ಬರೆದಿದ್ದೆಯಲ್ಲ, ಮಾಡಬೇಡ. ಅದು ನನಗೆ ಬೇಕು.

ನಮ್ಮ ಮೂರನೇ ಮಹಡಿಯ ಮನೆಯನ್ನು ನಾವು ಬೆಳೆದ ಹಳ್ಳಿಮನೆಯ ಹಾಗೆ ಮಾಡಲು ಹೊರಟಿದ್ದೇನೆ. ಹಾಲಿನ ಕ್ಯಾನಿನಲ್ಲಿ ಛತ್ರಿಗಳು, ಗೋಡೆಗೆ ಲಾಟೀನು, ಅಡುಗೆಮನೆಗೆ ಗೋಣಿಬಟ್ಟೆಯ ಪರದೆ! ಹಳೆಯದಾಗಿ ಕಾಣಲೆಂದು ಅಲ್ಲಲ್ಲಿ ಬಣ್ಣ ಕೆರೆದ ಹೊಸ ಬೆಂಚೊಂದನ್ನೂ ತಂದೆ. ನಾನು ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಅಮ್ಮ ಅದನ್ನು ಗಸಗಸ ಉಜ್ಜಿ, ಉಳಿದ ಬಣ್ಣವನ್ನೂ ತೆಗೆದು ಬಿಸಿಲಿಗೆ ಒಣಗಲು ಇಟ್ಟಿದ್ದಳು!

"ಇಂಥ ಬೆಂಚನ್ನ ಯಾರೇ ನಿನ್ನ ತಲೆಗೆ ಕಟ್ಟಿದ್ದು?" ಅಂದಳು.

"ಹಳೇದರ ಥರ ಕಾಣ್ಲಿ ಅಂತ ನಾನೇ ಆರಿಸಿ ತಂದೆ ಕಣಮ್ಮಾ."

ಹೊಟ್ಟೆ ಹಿಡಿದುಕೊಂಡು ನಕ್ಕಳು ನೋಡು! ಇಲ್ಲಿಗೆ ಬಂದ ಐದು ತಿಂಗಳಿಂದ ನೆಂಟರ ಹಾಗೆ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದವಳು, ಏನೊಂದನ್ನೂ ಬೇಕೆಂದು ಕೇಳದಿದ್ದವಳು. "ಹಳೇದೇ ಬೇಕಿದ್ರೆ ನಿಮ್ಮಣ್ಣನ್ನ ಕೇಳು. ಕೊಟ್ಟಿಗೆ ಬಾಗ್ಲು ಒಳ್ಳೇ ಊಟದ ಮೇಜಾಗುತ್ತೆ," ಎನ್ನುತ್ತ ತಾನೇ ಎದ್ದು ಗೇಣು ಹಾಕಿ ಜಾಗ ಅಳೆದಳು.

ಲಾರಿಗೆ ಹೇರುವ ಮುನ್ನ ಬಡಗಿಗೆ ಒಂದು ಮಾತು ಹೇಳು. ಬಾಗಿಲನ್ನು ಎಷ್ಟು ಬೇಕಾದರೂ ನುಣುಪು ಮಾಡಲಿ, ನಮ್ಮ ತುಂಟಿ ಕರು ಕಡಿದು ಕಡಿದು ಸವೆಸಿದ ಮೂಲೆಯನ್ನು ಮಾತ್ರ ಮುಟ್ಟಬಾರದು. ಊಟಕ್ಕೆ ಅಮ್ಮ ಕೂರುವುದು ಅಲ್ಲೇ ಅಂತೆ, ಈಗಲೇ ಜಾಗ ಹಿಡಿದಾಗಿದೆ.

ಬಾಗಿಲಿನ ದಾರಿ ಕಾಯುತ್ತಿರುವ
ನಿನ್ನ ತಂಗಿ